ಪಾರಿವಾಳದ ಗೂಡು ತಾರಸಿಯಿಂದ ಕೆಳಗಿಳಿದಾಗ

ನಿಮ್ಮ ಮನೆಯ ತಾರಸಿಯ ಮೇಲೆ ಪಾರಿವಾಳದ ಗೂಡಿದೆಯೇ? ನಿಮ್ಮಲ್ಲಿ ಇಲ್ಲದಿದ್ದರೂ ನಿಮ್ಮ ತವರಿನಲ್ಲೋ, ಪಕ್ಕದ ಬೀದಿಯಲ್ಲೋ ಇದ್ದೇ ಇರುತ್ತದೆ. ಫಜ್ರ್ ನಮಾಝ್ ಮುಗಿಸಿ ಬಂದವರು ತಲೆಯ ಟೋಪಿಯನ್ನೂ ತೆಗೆಯದೆ ನೇರ ಮೆಟ್ಟಿಲು ಹತ್ತುವ ಒಬ್ಬ ಅಬ್ಬಾ, ಒಬ್ಬ ಮಾವ, ಒಬ್ಬ ಚಾಚಾ ಅಲ್ಲಿರುತ್ತಾರೆ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸುವ ಸದ್ದು, ಆ ಕೂಡಲೇ ಹತ್ತಾರು ರೆಕ್ಕೆಗಳ ಪಟಪಟ. ಕೆಳಗಿನಿಂದ ಮನೆಯಾಕೆಯ ಗೊಣಗಾಟ: "ಚಹಾ ಆರಿ ಹೋಯಿತು, ಇವರಿನ್ನೂ ಹಕ್ಕಿಗಳ ಜೊತೆಗೇ ಇದ್ದಾರೆ!"

ಆ ಮನುಷ್ಯ ಒಂದು ದಿನ ಮೆಟ್ಟಿಲು ಹತ್ತಲಾರದೆ ಹೋದರೆ?

ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಅಬ್ಬಾರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಅವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ತಾರಸಿಯ ಮೇಲಿದ್ದ ಮೂವತ್ತೆಂಟು ಪಾರಿವಾಳಗಳ ಕೆಲಸವೆಲ್ಲ ಅತ್ತಿಗೆಯ ಪಾಲಿಗೆ ಬಂತು. ಮಕ್ಕಳ ಶಾಲೆ, ಆಸ್ಪತ್ರೆಗೆ ಬುತ್ತಿ, ಇದರ ನಡುವೆ ಆಕೆ ದಿನಕ್ಕೆರಡು ಬಾರಿ ನೀರಿನ ಕೊಡ ಹಿಡಿದು ಮೇಲೆ ಹತ್ತಬೇಕು. "ಎಲ್ಲವನ್ನೂ ಮಾರಿಬಿಡೋಣ" ಎಂದು ಮೊದಲು ಹೇಳಿದವಳು ನಾನೇ. ಅಣ್ಣನೂ ಒಪ್ಪಿದ. ಅಬ್ಬಾರನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕಾಯಿಲೆಯಾದವರ ಪರವಾಗಿ ತೀರ್ಮಾನ ಮಾಡುವುದು ನಮಗೆ ಎಷ್ಟು ಬೇಗ ಅಭ್ಯಾಸವಾಗಿಬಿಡುತ್ತದೆ ನೋಡಿ!

ಕೊಳ್ಳುವವರು ಬರುವ ಮೊದಲೇ ಅಬ್ಬಾ ಮನೆಗೆ ಬಂದರು. ಮಾತು ಇನ್ನೂ ತೊದಲುತ್ತಿತ್ತು. ಅಂಗಳದಲ್ಲಿ ಗಾಲಿಕುರ್ಚಿ ನಿಲ್ಲಿಸಿದಾಗ ಅವರು ತಲೆಯೆತ್ತಿ ತಾರಸಿಯ ಕಡೆ ನೋಡುತ್ತಾ ಕುಳಿತರು. ಅಸರ್ ಹೊತ್ತಿಗೆ ಹಕ್ಕಿಗಳು ಗೂಡಿಗೆ ಇಳಿಯುವವರೆಗೂ ಒಳಗೆ ಬರಲಿಲ್ಲ. ಅಮ್ಮಿ ತೀರಿಕೊಂಡ ಮೇಲೆ ಅವರು ದಿನದಲ್ಲಿ ಅತಿ ಹೆಚ್ಚು ಮಾತನಾಡುತ್ತಿದ್ದುದು ಆ ಹಕ್ಕಿಗಳೊಂದಿಗೇ ಎಂಬುದು ನಮಗೆ ಆಗ ನೆನಪಾಯಿತು.

ಅವರು ಮೇಲೆ ಹೋಗಲಾರರು, ಸರಿ. ಗೂಡು ಕೆಳಗೆ ಬರಬಹುದಲ್ಲ?

ಸಹೋದರಿಯರೇ, ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲು ನಮಗೆ ಎರಡು ತಿಂಗಳು ಹಿಡಿಯಿತು. ನಿಮ್ಮ ಮನೆಯಲ್ಲಿ ಅಷ್ಟು ತಡವಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಲಕ್ವವೇ ಆಗಬೇಕೆಂದಿಲ್ಲ. ಮಂಡಿ ಸವೆದವರು, ಬೆರಳಿನ ಗಂಟುಗಳು ಊದಿಕೊಂಡವರು, ಕೈ ನಡುಗುವವರು, ಅಪಘಾತದಲ್ಲಿ ಕಾಲು ಕಳೆದುಕೊಂಡ ಹುಡುಗರು, ಹೀಗೆ ಯಾರಿಗಾದರೂ ಇದು ಅನ್ವಯಿಸುತ್ತದೆ. ಪಾರಿವಾಳ ಸಾಕುವ ಹೆಣ್ಣು ಮಕ್ಕಳೂ ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲೇ ಸಂಧಿವಾತವಿರುವ ಒಬ್ಬ ಖಾಲಾ ನಾಲ್ಕು ಜೊತೆ ಲಕ್ಕಾ ಸಾಕಿದ್ದಾರೆ. ಬೀಸಣಿಗೆಯಂತೆ ಬಾಲ ಬಿಚ್ಚುವ ಈ ಜಾತಿ ಹೆಚ್ಚು ಹಾರುವುದಿಲ್ಲ, ಓಡಿ ಹಿಡಿಯಬೇಕಾದ ಕಷ್ಟವಿಲ್ಲ.

ಮೊದಲು ಅಳತೆ, ಆಮೇಲೆ ಬಡಗಿ

ಸಾಮಾನ್ಯವಾಗಿ ಪಾರಿವಾಳದ ಗೂಡೆಂದರೆ ಮನುಷ್ಯ ಒಳಗೆ ಹೋಗಿ ನಿಲ್ಲುವಂತಹ ಸಣ್ಣ ಕೋಣೆ. ಬಗ್ಗಿ ಒಳಹೋಗಬೇಕು, ಮೊಣಕಾಲೂರಿ ನೆಲ ಕೆರೆಯಬೇಕು, ಕೈ ಚಾಚಿ ಮೇಲಿನ ಖಾನೆಯ ಮೊಟ್ಟೆ ನೋಡಬೇಕು. ಅಂಗವೈಕಲ್ಯವಿರುವವರಿಗೆ ಈ ಮೂರೂ ಆಗದ ಕೆಲಸಗಳೇ. ಆದ್ದರಿಂದ ಒಳಗೆ ಹೋಗುವ ಅಗತ್ಯವೇ ಇಲ್ಲದ ಗೂಡು ಬೇಕು. ನಮ್ಮ ಅಡುಗೆ ಮನೆಯ ಪಾತ್ರೆ ಬೀರುವನ್ನು ನೆನಪಿಸಿಕೊಳ್ಳಿ. ನಾವು ಅದರೊಳಗೆ ಹೋಗುತ್ತೇವೆಯೇ? ಹೊರಗೆ ನಿಂತು ಬಾಗಿಲು ತೆರೆದು ಕೈ ಹಾಕುತ್ತೇವೆ, ಅಷ್ಟೆ.

ಬಡಗಿಯನ್ನು ಕರೆಯುವ ಮೊದಲು ಹಕ್ಕಿ ಸಾಕುವವರನ್ನು ಅವರು ದಿನಾ ಕೂರುವ ಕುರ್ಚಿಯಲ್ಲೇ ಗೋಡೆಯ ಬದಿಗೆ ಕೂರಿಸಿ. ಆರಾಮವಾಗಿ ಕೈ ಎಷ್ಟು ಮೇಲಕ್ಕೆ ಹೋಗುತ್ತದೆ, ಬಗ್ಗದೆ ಎಷ್ಟು ಕೆಳಕ್ಕೆ ಬರುತ್ತದೆ, ಮುಂದಕ್ಕೆ ಎಷ್ಟು ಚಾಚುತ್ತದೆ ಎಂದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೆರೆ ಎಳೆಯಿರಿ. ಅಬ್ಬಾರ ಎಡಗೈ ನೆಲದಿಂದ ನಾಲ್ಕು ಅಡಿಗೆ ಸ್ವಲ್ಪ ಮೇಲೆ ಮುಟ್ಟಿತು. ಮುಂದಕ್ಕೆ ಎರಡು ಅಡಿ, ಅದಕ್ಕಿಂತ ಹೆಚ್ಚಿಲ್ಲ. ಗೂಡಿನ ಅಳತೆಯೆಲ್ಲ ಆ ಗೆರೆಗಳಿಂದಲೇ ಬಂತು.

ನಮ್ಮ ಗೂಡು ಎಂಟು ಅಡಿ ಉದ್ದ, ಎರಡೇ ಅಡಿ ಆಳ, ಮೂರೂವರೆ ಅಡಿ ಎತ್ತರ. ಅದು ನೆಲದ ಮೇಲೆ ಕುಳಿತಿಲ್ಲ, ಎರಡೂ ಕಾಲು ಅಡಿ ಎತ್ತರದ ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಕುರ್ಚಿಯಲ್ಲಿ ಕುಳಿತವರ ಮಂಡಿ ಗೂಡಿನ ಕೆಳಗೆ ಹೋಗಬೇಕು, ಇಲ್ಲದಿದ್ದರೆ ಗೂಡಿಗೂ ಅವರಿಗೂ ನಡುವೆ ಒಂದೂವರೆ ಅಡಿ ಅಂತರ ಉಳಿದು ಕೈ ಎಟಕುವುದಿಲ್ಲ. ಒಂದು ಬದಿಯಲ್ಲಿ ಮೊಟ್ಟೆ ಇಡುವ ನಾಲ್ಕು ಖಾನೆಗಳು, ಎರಡರ ಮೇಲೆ ಎರಡು. ಅವೆಲ್ಲ ಸೀಮೆಸುಣ್ಣದ ಮೇಲಿನ ಗೆರೆಯ ಕೆಳಗೇ ಇವೆ. ಗೆರೆಯ ಮೇಲಿನ ಜಾಗದಲ್ಲಿ ಹಕ್ಕಿಗಳು ಕೂರುವ ಅಡ್ಡಪಟ್ಟಿಗಳು ಮಾತ್ರ, ಅಲ್ಲಿ ಕೈಗೆ ಕೆಲಸವಿಲ್ಲ. ಪ್ರತಿ ಖಾನೆ ಎರಡು ಅಡಿ ಅಗಲವಿದೆ. ಅಷ್ಟು ಯಾಕೆ ಗೊತ್ತೇ? ಮರಿಗಳು ಇನ್ನೂ ಗೂಡು ಬಿಡುವ ಮೊದಲೇ ತಾಯಿ ಮತ್ತೆ ಮೊಟ್ಟೆ ಇಡುವುದುಂಟು. ಎರಡು ಮಣ್ಣಿನ ಬಟ್ಟಲುಗಳಿಗೆ ಜಾಗ ಬೇಕು.

ಬಾಗಿಲುಗಳನ್ನು ಎದುರಿಗೆ ತೆರೆಯುವಂತೆ ಇಡಬೇಡಿ. ಗಾಲಿಕುರ್ಚಿಯಲ್ಲಿರುವವರು ಬಾಗಿಲು ತನ್ನತ್ತ ಎಳೆದುಕೊಳ್ಳುವಾಗ ಹಿಂದೆ ಸರಿಯಬೇಕಾಗುತ್ತದೆ, ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಪಕ್ಕಕ್ಕೆ ಸರಿಯುವ ಹಲಗೆಗಳೇ ವಾಸಿ. ಸಣ್ಣ ಚಿಲಕದ ಬದಲು ಮುಷ್ಟಿಯಿಂದ ಹಿಡಿಯಬಹುದಾದ ದಪ್ಪ ಮರದ ಹಿಡಿ ಹಾಕಿಸಿ. ಬೆರಳು ಮಡಚಲಾಗದವರೂ ಅಂಗೈಯಿಂದ ತಳ್ಳಬಹುದು. ಹಕ್ಕಿಗಳು ಹೊರಹೋಗುವ ಕಿಂಡಿಗೆ ರಾಟೆಯ ಮೇಲೆ ಒಂದು ಹಗ್ಗ ಹಾಯಿಸಿದೆವು. ಅಬ್ಬಾ ಕುಳಿತಲ್ಲಿಂದಲೇ ಎಳೆದರೆ ಕಿಂಡಿ ತೆರೆಯುತ್ತದೆ. ಒಳಬರುವ ದಾರಿಗೆ ತೂಗುವ ತಂತಿಗಳನ್ನು ಸಾಲಾಗಿ ಇಳಿಬಿಟ್ಟರೆ ಸಾಕು. ಹಕ್ಕಿ ತಳ್ಳಿಕೊಂಡು ಒಳಗೆ ಬರುತ್ತದೆ, ಹೊರಗೆ ಹೋಗಲಾರದು. ಹಿಂದೆ ಓಡಿ ಬಾಗಿಲು ಹಾಕುವ ಕೆಲಸವಿಲ್ಲ.

ದಾರಿಯ ವಿಷಯದಲ್ಲಿ ನಾವು ಎಡವಿದೆವು. ಹಿಂಬಾಗಿಲಿನ ಹೊಸ್ತಿಲು ಹಿತ್ತಿಲ ನೆಲಕ್ಕಿಂತ ಒಂದು ಅಡಿ ಎತ್ತರವಿದೆ. ಮೇಸ್ತ್ರಿ ನಾಲ್ಕು ಅಡಿಯ ಇಳಿಜಾರು ಕಟ್ಟಿಬಿಟ್ಟ. ಗಾಲಿಕುರ್ಚಿ ಅದರ ಮೇಲೆ ಬಂಡೆಯಂತೆ ಉರುಳಿತು, ಅಣ್ಣ ಮುಂದಿನಿಂದ ಹಿಡಿಯದಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ! ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಅಂಗವಿಕಲರಿಗಾಗಿ ಸಾರ್ವಜನಿಕ ಕಟ್ಟಡಗಳಲ್ಲಿ ಪಾಲಿಸುವ ಲೆಕ್ಕ. ಮನೆಗೂ ಅದೇ ಸರಿ. ಬಾಗಿಲಿನ ದಾರಿ ಮೂರು ಅಡಿ ಅಗಲವಿರಲಿ, ಗೂಡಿನ ಮುಂದೆ ಕುರ್ಚಿ ತಿರುಗಿಸಲು ಐದು ಅಡಿ ಚಚ್ಚೌಕದ ಗಟ್ಟಿ ನೆಲವಿರಲಿ. ಹಸಿ ಮಣ್ಣಿನಲ್ಲಿ ಚಕ್ರ ಹೂತುಹೋಗುತ್ತದೆ.

ಕೆಲವು ತಿಂಗಳ ಮೇಲೆ ಅಬ್ಬಾ ಊರುಗೋಲಿನಿಂದ ನಡೆಯತೊಡಗಿದರು. ಆಗ ಇನ್ನೊಂದು ತಪ್ಪು ಕಂಡಿತು. ಅವರ ಎಡಗೈಗೆ ಸಿಗಲೆಂದು ನಾವು ಇಳಿಜಾರಿನ ಎಡಬದಿಗೆ ಮಾತ್ರ ಕಂಬಿ ಹಾಕಿಸಿದ್ದೆವು. ಹೋಗುವಾಗ ಸರಿ, ಹಿಂದಿರುಗುವಾಗ ಅದು ಬಲಕ್ಕೆ ಬರುತ್ತದಲ್ಲ! ಎರಡೂ ಬದಿಗೆ ಕಂಬಿ ಬೇಕು. ಇಷ್ಟು ಸುಲಭದ ಮಾತು ಎಂಜಿನಿಯರಿಂಗ್ ಓದಿದ ನಮ್ಮಣ್ಣನಿಗೂ ತಿಳಿಯಲಿಲ್ಲ ಎಂದು ಅತ್ತಿಗೆ ಈಗಲೂ ನಗುತ್ತಾರೆ.

ನೆಲದ ಮೇಲಿನ ಗೂಡಿಗೆ ಬೆಕ್ಕು, ಇಲಿ, ಮುಂಗುಸಿಗಳ ಕಾಟ ಹೆಚ್ಚು. ಅರ್ಧ ಅಂಗುಲದ ಗಟ್ಟಿ ಜಾಲರಿಯನ್ನೇ ಬಳಸಿ. ಕೋಳಿಗೆ ಕಟ್ಟುವ ತೆಳು ಬಲೆ ಸಾಲದು. ಇರುವೆ ಬಾರದಂತೆ ಹಿಂದೆ ನಮ್ಮಜ್ಜಿಯಂದಿರು ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಇಲಿ ಹತ್ತದಂತೆ ಕಾಲುಗಳಿಗೆ ನುಣುಪು ತಗಡನ್ನು ಬೋರಲು ಆಲಿಕೆಯಂತೆ ಸುತ್ತಿಸಿ. ಗೂಡಿನ ಮುಖ ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಬೀಳುತ್ತದೆ, ಮುಂಗಾರಿನ ಇರಚಲು ಬೆನ್ನಿಗೆ ಹೋಗುತ್ತದೆ.

ಮೂವತ್ತೆಂಟು ಎಂಟಾಗಿದ್ದು

ಇಷ್ಟೆಲ್ಲ ಮಾಡಿದರೂ ಆ ಗೂಡಿನಲ್ಲಿ ನಾಲ್ಕು ಜೊತೆಗಿಂತ ಹೆಚ್ಚು ಇಡುವುದು ತರವಲ್ಲ. ಇಕ್ಕಟ್ಟಾದರೆ ಹಕ್ಕಿಗಳು ಕಚ್ಚಾಡುತ್ತವೆ, ರೋಗ ಹರಡುತ್ತದೆ. ಅಂದರೆ ಮೂವತ್ತು ಹಕ್ಕಿಗಳನ್ನು ಬಿಟ್ಟುಕೊಡಬೇಕು. ಇದು ಇಡೀ ಕೆಲಸದಲ್ಲೇ ಕಷ್ಟದ ಭಾಗ, ಬಡಗಿಯಿಂದಲೂ ಮೇಸ್ತ್ರಿಯಿಂದಲೂ ಆಗದ ಭಾಗ.

ಈ ಸಲ ನಾವು ತೀರ್ಮಾನ ಮಾಡಲಿಲ್ಲ. ಒಂದೊಂದೇ ಹಕ್ಕಿಯನ್ನು ಅಣ್ಣನ ಮಗ ತಾರಸಿಯಿಂದ ತಂದು ಅಬ್ಬಾರ ಮಡಿಲಲ್ಲಿ ಇಟ್ಟ. ಅವರು ರೆಕ್ಕೆ ಬಿಡಿಸಿ ನೋಡಿ, ಕಣ್ಣು ನೋಡಿ, "ಇದು" ಅಥವಾ "ಹೋಗಲಿ" ಎನ್ನುತ್ತಿದ್ದರು. ಮೂರು ದಿನ ಹಿಡಿಯಿತು. ಉಳಿಸಿಕೊಂಡವು ಚೆಂದದ ಹಕ್ಕಿಗಳಲ್ಲ, ಶಾಂತ ಸ್ವಭಾವದವು, ಕೈಗೆ ಬರುವಂಥವು. ಓಟದಲ್ಲಿ ಹೆಸರು ಮಾಡಿದ್ದ ಎರಡು ಹೋಮರ್‌ಗಳನ್ನೂ ಅವರು ಹೋಗಲಿ ಎಂದರು. ಅಕ್ಕಪಕ್ಕದ ಹುಡುಗರು ಬಂದು ಬುಟ್ಟಿಗಳಲ್ಲಿ ಒಯ್ದರು. ಆ ರಾತ್ರಿ ಅಬ್ಬಾ ಊಟ ಮಾಡಲಿಲ್ಲ. ಯಾರೂ ಒತ್ತಾಯಿಸಲಿಲ್ಲ.

ಸಂಖ್ಯೆ ಹಾಗೆಯೇ ಉಳಿಯಬೇಕಾದರೆ ಮರಿಗಳ ಲೆಕ್ಕ ಇಡಬೇಕು. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಸುಮಾರು ಹದಿನೆಂಟು ದಿನ ಕಾವು ಕೊಡುತ್ತದೆ. ಹಗಲಿನ ಬಹುಪಾಲು ಗಂಡು, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು. (ಈ ಹಂಚಿಕೆಯನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ!) ಮೊಟ್ಟೆಯನ್ನು ಸುಮ್ಮನೆ ತೆಗೆದುಬಿಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಇಟ್ಟು ತಾಯಿ ಹಕ್ಕಿ ಸೊರಗುತ್ತದೆ. ಅದರ ಬದಲು ಅದೇ ಮೊಟ್ಟೆಯನ್ನು ಬೇಯಿಸಿ, ಆರಿಸಿ ಹಿಂದಕ್ಕೆ ಇಡಿ, ಅಥವಾ ಪ್ಲಾಸ್ಟಿಕ್ ಮೊಟ್ಟೆ ಇಡಿ. ಜೋಡಿ ಅದರ ಮೇಲೆ ಕುಳಿತು ದಿನ ತುಂಬಿದ ಮೇಲೆ ತಾನಾಗಿಯೇ ಎದ್ದು ಹೋಗುತ್ತದೆ.

ಗೂಡು ಸ್ಥಳಾಂತರಿಸುವಾಗ ಇನ್ನೊಂದು ಎಚ್ಚರಿಕೆ. ಪಾರಿವಾಳ ಮರೆಯುವ ಹಕ್ಕಿಯಲ್ಲ. ತಾರಸಿಯಿಂದ ಹಿತ್ತಿಲಿಗೆ ಮೂವತ್ತು ಅಡಿ ದೂರವಾದರೂ ಬಿಟ್ಟ ಕೂಡಲೇ ಹಳೆಯ ಜಾಗಕ್ಕೇ ಹಾರಿಹೋಗಿ ಕೂರುತ್ತದೆ. ಹೊಸ ಗೂಡಿನಲ್ಲಿ ಮೂರು ನಾಲ್ಕು ವಾರ ಕೂಡಿಡಿ, ಆದರೆ ಸುತ್ತಲಿನ ಆಕಾಶ, ಮರ, ಗೋಡೆ ಎಲ್ಲ ಕಾಣುವಂತೆ ಜಾಲರಿಯ ಅಂಕಣವೊಂದನ್ನು ಗೂಡಿಗೆ ಸೇರಿಸಿ. ದಿನಾ ಒಂದೇ ಹೊತ್ತಿಗೆ, ಒಂದೇ ಡಬ್ಬಿಯ ಸದ್ದು ಮಾಡಿ ಕಾಳು ಹಾಕಿ. ಮೊದಲ ದಿನ ಹೊರಬಿಡುವಾಗ ಹೊಟ್ಟೆ ಹಸಿದಿರಲಿ, ಸಂಜೆ ಆಗಿರಲಿ. ಅದಕ್ಕೂ ಮೊದಲು ತಾರಸಿಯ ಹಳೆ ಗೂಡನ್ನು ಪೂರ್ತಿ ಕಿತ್ತುಹಾಕಿ. ನಾವು ಕಿತ್ತಿರಲಿಲ್ಲ. ಒಂದು ಬೂದು ಬಣ್ಣದ ಗಂಡು ಖಾಲಿ ಗೂಡಿನ ಮುಂದೆ ಕತ್ತಲಾಗುವವರೆಗೆ ಕುಳಿತಿತ್ತು, ಬೆಳಿಗ್ಗೆ ಗರಿಗಳು ಮಾತ್ರ ಸಿಕ್ಕವು.

ದಿನದ ಕೆಲಸ ಈಗ ಎಷ್ಟಿದೆ? ಒಂದು ಪಾರಿವಾಳಕ್ಕೆ ದಿನಕ್ಕೆ ಮೂವತ್ತು ಗ್ರಾಂ ಕಾಳು ಸಾಕು. ಎಂಟಕ್ಕೆ ಕಾಲು ಕಿಲೋಗೂ ಕಡಿಮೆ, ಅಂದರೆ ಒಂದು ಸ್ಟೀಲ್ ಲೋಟ. ಜೋಳ, ಗೋಧಿ, ಸಜ್ಜೆ, ಹೆಸರುಕಾಳು ಬೆರೆಸಿಟ್ಟ ಡಬ್ಬಿ ಕುರ್ಚಿಯ ಎತ್ತರದಲ್ಲಿ ಮೊಳೆಗೆ ತೂಗುತ್ತಿದೆ. ಮೂಟೆ ತರಿಸುವುದನ್ನು ಬಿಟ್ಟು ಅಂಗಡಿಯವನಿಂದ ಎರಡೆರಡು ಕಿಲೋ ಪೊಟ್ಟಣ ಕಟ್ಟಿಸುತ್ತೇವೆ. ನೀರಿಗೆ ದೊಡ್ಡ ಬಕೆಟ್ ಬೇಡ, ಬೋರಲು ಹಾಕುವ ಒಂದು ಲೀಟರಿನ ಬಾಟಲಿ ಸಾಕು, ಒಂದೇ ಕೈಯಲ್ಲಿ ಎತ್ತಬಹುದು.

ಹಕ್ಕಿ ಹಿಡಿಯುವುದು? ಎರಡು ಕೈಯಿದ್ದವರು ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು ಇನ್ನೊಂದು ಕೈಯನ್ನು ಎದೆಗೆ ಕೊಡುತ್ತಾರೆ. ಒಂದೇ ಕೈಯವರು ಹಕ್ಕಿಯನ್ನು ತಮ್ಮ ಎದೆಗೆ ಒತ್ತಿಕೊಳ್ಳಬಹುದು, ಮಡಿಲಲ್ಲಿ ಟವೆಲ್ ಹಾಸಿ ಸುತ್ತಬಹುದು. ಕತ್ತಲಾದ ಮೇಲೆ ಹಿಡಿದರೆ ಹಕ್ಕಿ ಮಿಸುಕಾಡುವುದಿಲ್ಲ.

ಹಿಕ್ಕೆಯ ಪುಡಿ: ಇದನ್ನು ಹಗುರವಾಗಿ ಕಾಣಬೇಡಿ

ಈಗ ಮನೆಯ ಹೆಂಗಸರ ಮಾತು. ಗೂಡು ಶುಚಿ ಮಾಡುವ ಕೆಲಸ ಕಡೆಗೆ ಬರುವುದು ನಮ್ಮ ಮೇಲೆಯೇ. ಪಾರಿವಾಳದ ಒಣ ಹಿಕ್ಕೆ ಮತ್ತು ಗರಿಯ ಪುಡಿ ಉಸಿರಿನೊಂದಿಗೆ ದಿನಾ ಒಳಗೆ ಹೋದರೆ ಕೆಲವರ ಶ್ವಾಸಕೋಶ ಅದರ ವಿರುದ್ಧ ಕೆರಳುತ್ತದೆ. ಗೂಡಿನ ಕೆಲಸ ಮಾಡಿ ನಾಲ್ಕಾರು ಗಂಟೆಗಳ ಮೇಲೆ ಜ್ವರ, ಮೈಕೈ ನೋವು, ಒಣ ಕೆಮ್ಮು, ಏದುಸಿರು. ಮರುದಿನ ಸರಿಹೋಗುತ್ತದೆ, ನಾವು ಶೀತವೆಂದು ಸುಮ್ಮನಾಗುತ್ತೇವೆ. ವರ್ಷಗಟ್ಟಲೆ ಹೀಗೇ ಆದರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಮೊದಲಿನಂತಾಗುವುದಿಲ್ಲ. 2025ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳನ್ನು ಮುಚ್ಚಿಸುವ ವಿಷಯ ಅಷ್ಟು ದೊಡ್ಡ ವಿವಾದವಾದಾಗ ಎಲ್ಲರ ಬಾಯಲ್ಲಿದ್ದುದು ಇದೇ ಕಾಯಿಲೆ.

ಗಾಲಿಕುರ್ಚಿಯವರಿಗಾಗಿ ಮಾಡಿದ ಬೀರುವಿನಂತಹ ಗೂಡಿನಿಂದ ಇಲ್ಲೊಂದು ಲಾಭವಾಯಿತು. ಅದರ ನೆಲ ಜಾಲರಿಯದು. ಹಿಕ್ಕೆ ಕೆಳಗಿನ ತಗಡಿನ ತಟ್ಟೆಗೆ ಬೀಳುತ್ತದೆ. ಯಾರೂ ಪುಡಿ ತುಂಬಿದ ಕೋಣೆಯೊಳಗೆ ನಿಲ್ಲಬೇಕಾಗಿಲ್ಲ. ವಾರಕ್ಕೊಮ್ಮೆ ಅಣ್ಣನ ಮಗ ತಟ್ಟೆಗೆ ನೀರು ಚಿಮುಕಿಸಿ, ಒದ್ದೆಯಾದ ಮೇಲೆ ಎಳೆದು, ಉದ್ದ ಹಿಡಿಯ ಸಲಿಕೆಯಿಂದ ಕೆರೆಯುತ್ತಾನೆ. ಎಂದಿಗೂ ಒಣದಾಗಿ ಗುಡಿಸಬೇಡಿ. ಮೂಗಿಗೆ ದುಪಟ್ಟಾ ಸುತ್ತಿಕೊಂಡರೆ ಸಾಲದು, ಕೊರೋನಾ ಕಾಲದಲ್ಲಿ ತಂದ ಎನ್-95 ಮಾಸ್ಕ್ ನೆನಪಿದೆಯಲ್ಲ, ಅದೇ ಬೇಕು. ಆ ಬಟ್ಟೆಯಲ್ಲಿ ಅಡುಗೆ ಮನೆಗೆ ಬರಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ನಾವು ಮೊದಲು ಗೂಡನ್ನು ಅಡುಗೆ ಮನೆಯ ಕಿಟಕಿಯ ಕೆಳಗೇ ಇಟ್ಟಿದ್ದೆವು, ಅಬ್ಬಾ ಕಣ್ಣಿಗೆ ಕಾಣುತ್ತಿರಲಿ ಎಂದು. ಅತ್ತಿಗೆ ಕೆಮ್ಮತೊಡಗಿದಾಗ ಹಿತ್ತಿಲಿನ ಆಚೆ ಗೋಡೆಗೆ ಸರಿಸಬೇಕಾಯಿತು, ಹನ್ನೆರಡು ಅಡಿಯ ಇಳಿಜಾರಿನ ಮುಂದೆ ಇನ್ನಷ್ಟು ಕಾಂಕ್ರೀಟು ಹಾಕಬೇಕಾಯಿತು.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಕೈಕಾಲಿನ ತೊಂದರೆಗೆ ಗೂಡನ್ನು ಬದಲಾಯಿಸಬಹುದು. ತೊಂದರೆ ಶ್ವಾಸಕೋಶದ್ದೇ ಆಗಿದ್ದರೆ, ವೈದ್ಯರು ಹಕ್ಕಿಗಳಿಂದಲೇ ಈ ಕಾಯಿಲೆ ಬಂದಿದೆ ಎಂದಿದ್ದರೆ, ಯಾವ ಬಡಗಿಯೂ ಸಹಾಯಕ್ಕೆ ಬರುವುದಿಲ್ಲ. ಆಗ ಬಿಡಲೇಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಿಸಿಕೊಂಡವರು ಗೂಡಿನ ಹತ್ತಿರ ಹೋಗುವ ಮೊದಲೇ ವೈದ್ಯರನ್ನು ಕೇಳಲಿ. ಬೆಕ್ಕೊಂದನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಸ್ತ್ರೀಯ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಕೂಡಿಟ್ಟ ಜೀವಕ್ಕೆ ಹೊತ್ತಿಗೆ ಸರಿಯಾಗಿ ಕಾಳು ನೀರು ಕೊಡಲು ಮನೆಯಲ್ಲಿ ಯಾರಿಂದಲೂ ಆಗದಿದ್ದರೂ ಬಿಟ್ಟುಕೊಡುವುದೇ ಸರಿ.

ಹಿರಿಯರು ಪಾರಿವಾಳದ ಹುಚ್ಚನ್ನು ಆಕ್ಷೇಪಿಸುತ್ತಿದ್ದುದಕ್ಕೆ ಕಾರಣವಿತ್ತು. ಅಕ್ಬರ್ ಬಾದಶಹನು ಪಾರಿವಾಳ ಹಾರಿಸುವುದನ್ನು ಇಷ್ಕ್‌ಬಾಜಿ ಎಂದು ಕರೆಯುತ್ತಿದ್ದನೆಂದೂ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳಿದ್ದವೆಂದೂ ಅಬುಲ್ ಫಝಲ್ ಬರೆದಿದ್ದಾನೆ. ಬಾದಶಹನಿಗೆ ಅದು ನಡೆಯಿತು. ನಮ್ಮ ಓಣಿಗಳಲ್ಲಿ ಅದು ಜೂಜಿಗೂ ಪಕ್ಕದ ಮನೆಯ ಅಂಗಳ ಇಣುಕುವುದಕ್ಕೂ ದಾರಿಯಾಗುತ್ತಿತ್ತು. ಅಬ್ಬಾ ಬಾಜಿ ಕಟ್ಟಿದವರಲ್ಲ. ಆದರೂ ಹಿಂದಿನ ಮನೆಯ ಹೆಂಗಸರು ಬಟ್ಟೆ ಒಣಗಿಸಲು ಅಬ್ಬಾ ಇಳಿಯುವುದನ್ನೇ ಕಾಯುತ್ತಿದ್ದರಂತೆ. ಗೂಡು ಹಿತ್ತಿಲಿಗೆ ಬಂದ ಮೇಲೆ ಆ ಮನೆಯ ಆಂಟಿಯೇ ಇದನ್ನು ಹೇಳಿದರು, ಇಪ್ಪತ್ತು ವರ್ಷಗಳ ನಂತರ!

ಖರ್ಚಿನ ಬಗ್ಗೆ ಕೇಳುವವರಿಗೆ: ಹಳೆ ಗೂಡಿನ ಮರ, ಜಾಲರಿಯ ಬಹುಪಾಲು ಹೊಸದಕ್ಕೆ ಬಂತು. ಹೆಚ್ಚು ಹಣ ಹೋದದ್ದು ಎರಡು ಸಲ ಕಟ್ಟಿದ ಇಳಿಜಾರಿಗೆ. ಗಾಲಿಕುರ್ಚಿ, ಊರುಗೋಲು ಕೊಳ್ಳಲಾಗದ ಅರವತ್ತು ದಾಟಿದ ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ನಿಮ್ಮ ಜಿಲ್ಲೆಯ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಅಬ್ಬಾ ಈಗ ಎಡಗೈಯಿಂದ ಕಾಳು ಹಾಕುತ್ತಾರೆ. ಕೆಲವೊಮ್ಮೆ ಮಡಚಿಕೊಂಡ ಬಲಗೈ ಬೆರಳುಗಳನ್ನು ಎಡಗೈಯಿಂದಲೇ ಬಿಡಿಸಿ ಅಂಗೈಯಲ್ಲಿ ನಾಲ್ಕು ಕಾಳು ಇಟ್ಟುಕೊಂಡು ಕೂರುತ್ತಾರೆ. ಫಿಸಿಯೋಥೆರಪಿಗೆ ಇದು ಬದಲಿಯಲ್ಲ, ಅದಕ್ಕಾಗಿ ವಾರಕ್ಕೆರಡು ದಿನ ಬೇರೆಯವರು ಬರುತ್ತಾರೆ. ಆದರೆ ಒಂದು ಬಿಳಿ ಹೆಣ್ಣು ಆ ಕೈಯ ಮೇಲೆ ಬಂದು ಕೂರುತ್ತದೆ.

ಮೊನ್ನೆ ನಾನು ತವರಿಗೆ ಹೋದಾಗ ಅಬ್ಬಾ ಬಡಗಿಗೆ ಫೋನ್ ಮಾಡುತ್ತಿದ್ದರು, ಇನ್ನೊಂದು ಜೊತೆಗೆ ಖಾನೆ ಆಗಬಹುದೇ ಎಂದು. ಆಗುವುದಿಲ್ಲ ಎಂದು ನಾನೂ ಅತ್ತಿಗೆಯೂ ಒಟ್ಟಿಗೇ ಕೂಗಿದೆವು. ಅವರು ಫೋನ್ ಇಟ್ಟರು. ಸಂಜೆ ನೋಡಿದರೆ ಅಣ್ಣನ ಮಗನ ಕೈಗೆ ಸೀಮೆಸುಣ್ಣ ಕೊಟ್ಟು ಗೋಡೆಯ ಮೇಲೆ ಹೊಸದೊಂದು ಗೆರೆ ಎಳೆಸುತ್ತಿದ್ದರು.